ಗಂಡುಮಗುವಿಗೆ ಕಸುಬಿನ ಹೆಸರು

ಮನೆಯಲ್ಲಿ ಗಂಡುಮಗು ಹುಟ್ಟಿತೆಂದರೆ ಹತ್ತು ದಿನ ಕಳೆಯುವುದರೊಳಗಾಗಿ ಹೆಸರಿನ ಚರ್ಚೆ ಏಳುವುದು ಎಲ್ಲರೂ ಬಲ್ಲ ಸಂಗತಿ. ಅಜ್ಜಿಗೆ ಮನೆದೇವರ ಹೆಸರು ಬೇಕು. ಅಜ್ಜನಿಗೆ ತನ್ನ ತಂದೆಯ ಹೆಸರು ಮನೆಯಲ್ಲಿ ಉಳಿಯಬೇಕು. ಸೋದರತ್ತೆ ಜನ್ಮನಕ್ಷತ್ರದ ಅಕ್ಷರವನ್ನು ಹಿಡಿದು ಕುಳಿತಿರುತ್ತಾಳೆ. ತಾಯಿತಂದೆಗಳಿಗಾದರೋ ನೆರೆಹೊರೆಯಲ್ಲಿ ಮತ್ತಾರಿಗೂ ಇಲ್ಲದ ಹೆಸರೊಂದು ದೊರೆತರೆ ಸಾಕೆಂಬ ಆಸೆ. ಶಾಲೆಯಲ್ಲಿ ಉಪಾಧ್ಯಾಯರು ಒಂದು ಹೆಸರು ಕೂಗಿದರೆ ನಾಲ್ವರು ಹುಡುಗರು ಒಟ್ಟಿಗೆ ಎದ್ದು ನಿಲ್ಲುವಂತಾಗಬಾರದೆಂದು ಅವರ ಎಣಿಕೆ. ಈ ಆಸೆಯನ್ನು ತಪ್ಪೆನ್ನುವುದಕ್ಕಾಗುವುದಿಲ್ಲ.

ಹೀಗೆ ಅಪರೂಪದ ಹೆಸರನ್ನು ಹುಡುಕಿ ಹೊರಟವರು ಹಿಡಿಯುವ ದಾರಿಗಳಲ್ಲಿ ಒಂದು, ಮನೆತನದ ಹೆಸರನ್ನೋ ಕಸುಬಿನ ಹೆಸರನ್ನೋ ಮಗುವಿನ ಸ್ವಂತ ಹೆಸರಾಗಿ ಇಡುವುದು. ಇಂಗ್ಲಿಷ್ ಮಾತನಾಡುವ ದೇಶಗಳಲ್ಲಿ ಇದು ಬಹಳವಾಗಿ ಹಬ್ಬಿದೆ. ನಮ್ಮವರು ಅಲ್ಲಿ ನೆಲಸಿ ಮನೆ ಮಾಡಿರುವುದರಿಂದಲೂ, ಅಲ್ಲಿನ ಹೆಸರುಗಳು ಇಲ್ಲಿಯ ಮನೆಮನೆಗೆ ಕೇಳಿಬರುತ್ತಿರುವುದರಿಂದಲೂ, ಇದು ನಮಗೆ ಕೇವಲ ಪರದೇಶದ ಸಮಾಚಾರವಾಗಿ ಉಳಿದಿಲ್ಲ. ಇದರ ಸೊಗಸೇನು, ತೊಡಕೇನು ಎಂಬುದನ್ನು ತೊಟ್ಟಿಲು ಕಟ್ಟುವ ಮುಂಚೆಯೇ ಆಲೋಚಿಸುವುದು ಗೃಹಸ್ಥರಿಗೆ ಒಳ್ಳೆಯದು.

ಇಂಗ್ಲಿಷರಲ್ಲಿ ಬೆಳೆದು ಬಂದ ಬಗೆ

11ನೆಯ ಶತಮಾನದವರೆಗೆ ಇಂಗ್ಲೆಂಡಿನ ಜನಸಾಮಾನ್ಯರಿಗೆ ಬಹುಮಟ್ಟಿಗೆ ಒಂದೊಂದೇ ಹೆಸರಿದ್ದಿತು. ಮುಂದೆ ಊರೂರಿಗೂ ಹಲವು ಜಾನ್‌ಗಳೂ ಹಲವು ವಿಲಿಯಂಗಳೂ ಆದಾಗ, ಇಂಥವನೇ ಎಂದು ಗುರುತು ಹಿಡಿಯುವುದಕ್ಕಾಗಿ ಅವನವನ ಕಸುಬನ್ನು ಹೆಸರಿಗೆ ಸೇರಿಸತೊಡಗಿದರು. ಕಮ್ಮಾರನು ಸ್ಮಿತ್ ಆದನು. ದರ್ಜಿಯು ಟೇಲರ್ ಆದನು. ಹಿಟ್ಟು ಬೀಸುವವನು ಮಿಲ್ಲರ್, ಮರದ ಪೀಪಾಯಿ ಕಟ್ಟುವವನು ಕೂಪರ್, ಬಂಡಿ ಹೊಡೆಯುವವನು ಕಾರ್ಟರ್, ಬಾಣ ಮಾಡುವವನು ಫ್ಲೆಚರ್, ಮಾಡಿಗೆ ಹೆಂಚು ಹೊದಿಸುವವನು ಟೈಲರ್, ಕಲ್ಲುಗಾರೆಯ ಕೆಲಸದವನು ಮೇಸನ್. ಕೆಲವು ತಲೆಮಾರುಗಳು ಕಳೆಯುವ ಹೊತ್ತಿಗೆ ಇವು ವಂಶದ ಹೆಸರುಗಳಾಗಿ ನೆಲೆನಿಂತವು. ಸುತ್ತಿಗೆಯನ್ನು ಕೈಯಲ್ಲಿ ಹಿಡಿಯದ ಮೊಮ್ಮಗನೂ ಸ್ಮಿತ್ ಎಂದೇ ಕರೆಸಿಕೊಂಡನು. ಹೀಗೆ ಕಸುಬು ಬಿಟ್ಟುಹೋಗಿ ಸದ್ದು ಮಾತ್ರ ಉಳಿಯಿತು.

ಇಂಥ ಮನೆತನದ ಹೆಸರು ಮಗುವಿನ ಹೆಸರಾಗಿ ಮಾರ್ಪಟ್ಟದ್ದು ಇನ್ನೊಂದು ಹೆಜ್ಜೆ. ಮೊದಲು ದೊಡ್ಡಮನೆಗಳವರು ತಾಯಿಯ ತವರಿನ ಹೆಸರು ಮರೆತುಹೋಗದಿರಲೆಂದು ಅದನ್ನು ಮಗನಿಗೆ ಇಡತೊಡಗಿದರು. ಒಂಬತ್ತು ದಿನ ಇಂಗ್ಲೆಂಡಿನ ರಾಣಿಯೆನಿಸಿದ್ದ ಲೇಡಿ ಜೇನ್ ಗ್ರೇಯ ಗಂಡನಾದ ಗಿಲ್ಡ್‌ಫರ್ಡ್ ಡಡ್ಲಿಯ ಹೆಸರು ಈ ಬಗೆಯದು. ಅವನ ತಾಯಿ ಗಿಲ್ಡ್‌ಫರ್ಡ್ ಮನೆತನದವಳು. 1554ರಲ್ಲಿ ಆ ತರುಣನ ಶಿರಚ್ಛೇದವಾಯಿತು. ಆಮೇಲೆ ಮಹಾಪುರುಷರ ಮೇಲಣ ಅಭಿಮಾನದಿಂದಲೂ ಹೀಗೆ ಹೆಸರಿಡುವ ರೂಢಿ ಬಂದಿತು. 1783ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಗ್ರಂಥಕರ್ತ ವಾಷಿಂಗ್ಟನ್ ಇರ್ವಿಂಗನಿಗೆ ಆ ಹೆಸರು ಬಂದದ್ದು ಸೇನಾಪತಿ ವಾಷಿಂಗ್ಟನ್ನನ ಮೇಲಣ ಗೌರವದಿಂದ.

ಈಗಿನವರು ತವರನ್ನೂ ನೋಡುವುದಿಲ್ಲ, ಮಹಾಪುರುಷನನ್ನೂ ನೋಡುವುದಿಲ್ಲ. ಕಿವಿಗೆ ಗಟ್ಟಿಯಾಗಿಯೂ ಹೊಸದಾಗಿಯೂ ಕೇಳಿಸಿದರೆ ಅಷ್ಟೇ ಸಾಕು. 2011ರಲ್ಲಿ ಅಮೆರಿಕಾ ದೇಶದಲ್ಲಿ ಗಂಡುಮಕ್ಕಳಿಗೆ ಇಟ್ಟ ಹೆಸರುಗಳಲ್ಲಿ ಮೇಸನ್ ಎಂಬುದು ಎರಡನೆಯ ಸ್ಥಾನದಲ್ಲಿತ್ತು. ಆ ತಾಯಿತಂದೆಗಳಲ್ಲಿ ತಮ್ಮ ಮಗನು ಕರಣೆ ಹಿಡಿದು ಗಾರೆ ಮೆತ್ತಲೆಂದು ಹಾರೈಸಿದವರು ಎಷ್ಟು ಮಂದಿ ಇದ್ದಾರು? ಅಪರೂಪದ ಹೆಸರೆಂದು ಆರಿಸಿದವರಿಗೆ ಬೀದಿಗೊಬ್ಬ ಮೇಸನ್ ಎದುರಾದದ್ದು ಇದರೊಳಗಿನ ಇನ್ನೊಂದು ತಮಾಷೆ.

ನಮ್ಮ ನಾಡಿನ ಕಸುಬಿನ ಹೆಸರುಗಳು

ಕಸುಬಿನ ಹೆಸರೆಂದರೆ ನಮಗೆ ಹೊಸದಲ್ಲ. ಧಾರವಾಡ, ಬೆಳಗಾವಿ, ವಿಜಯಪುರದ ಕಡೆ ಹೋದರೆ ಒಂದೊಂದು ಮನೆಯ ಅಡ್ಡಹೆಸರೂ ಒಂದೊಂದು ಅಂಗಡಿಯಂತೆ ತೋರುತ್ತದೆ. ಕಂಬಾರ, ಬಡಿಗೇರ, ಪತ್ತಾರ, ಕುಂಬಾರ, ಹೂಗಾರ, ಗಾಣಿಗೇರ ಎಂಬುವು ಕೈಕಸುಬಿನವು. ಪಾಟೀಲ, ಕುಲಕರ್ಣಿ, ದೇಸಾಯಿ ಎಂಬುವು ಊರಾಡಳಿತದವು. ಅಕ್ಕಿ, ಬೆಲ್ಲದ, ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬುವು ಸಂತೆಯ ಪದಾರ್ಥಗಳನ್ನು ನೆನಪಿಗೆ ತರುವಂಥವು. ಹಳೆಯ ಮೈಸೂರಿನ ಕಡೆಯವರು ಊರಿನ ಮೊದಲಕ್ಷರವನ್ನೂ ತಂದೆಯ ಮೊದಲಕ್ಷರವನ್ನೂ ಮುಂದಿಟ್ಟುಕೊಂಡು ನಡೆಯುವವರಾದ್ದರಿಂದ ಅವರಿಗೆ ಇವು ಮೊದಲ ಸಲ ನಗೆ ತರಿಸುವುದುಂಟು. ಆದರೆ ಆ ಊರಿನವರಿಗೆ ಇದರಲ್ಲಿ ನಗುವಂಥದೇನೂ ಇಲ್ಲ. 2010ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯನ್ನು ಕನ್ನಡಕ್ಕೆ ತಂದ ಚಂದ್ರಶೇಖರ ಕಂಬಾರರ ಅಡ್ಡಹೆಸರಿಗೂ ಇಂಗ್ಲೆಂಡಿನ ಸ್ಮಿತ್ ಎಂಬುದಕ್ಕೂ ಅರ್ಥ ಒಂದೇ. ಮುಂಬಯಿಯ ಪಾರಸಿಗಳು ಇಂಗ್ಲಿಷ್ ಕಸುಬುಗಳನ್ನೇ ಮನೆತನದ ಹೆಸರಾಗಿ ಮಾಡಿಕೊಂಡರು. ಭಾರತದ ಪರವಾಗಿ ಕ್ರಿಕೆಟ್ ಆಡಿದ ಫಾರೂಖ್ ಎಂಜಿನಿಯರ್, ನಾರಿ ಕಾಂಟ್ರ್ಯಾಕ್ಟರ್ ಎಂಬ ಹೆಸರುಗಳನ್ನು ಕೇಳದವರಾರು?

ಇವೆಲ್ಲ ಮನೆತನದ ಹೆಸರುಗಳಾದವು. ಮಗುವಿಗೇ ಕಸುಬಿನ ಹೆಸರಿಡುವುದು ನಮ್ಮಲ್ಲಿಲ್ಲವೆಂದು ಯಾರಾದರೂ ಹೇಳಿಯಾರು. ಅಂಥವರು ಗೋಪಾಲನನ್ನು ನೆನೆಯಬೇಕು. ಗೋಪಾಲನೆಂದರೆ ದನ ಕಾಯುವವನು. ಪಾರ್ಥಸಾರಥಿಯೆಂದರೆ ಅರ್ಜುನನ ತೇರು ಹೊಡೆದವನು, ಎಂದರೆ ಇಂಗ್ಲಿಷರ ಕಾರ್ಟರನ ಹತ್ತಿರದ ನೆಂಟ. ದನಗಾಹಿಯ ಕೆಲಸವನ್ನು ಮಗನು ಮಾಡಬಾರದೆಂದು ಓದಿಸುವ ತಂದೆಯೇ ಅವನಿಗೆ ಗೋಪಾಲನೆಂದು ಹೆಸರಿಟ್ಟು ಹಿಗ್ಗುತ್ತಾನೆ. ಈ ಕಸುಬಿನ ಹೆಸರು ಕಿವಿಗೆ ಹಿತವಾದದ್ದು ಹೇಗೆ? ಅದನ್ನು ಹೊತ್ತವನ ಹಿರಿಮೆಯಿಂದ. ಹೊತ್ತವನು ದೊಡ್ಡವನಾದರೆ ಹೆಸರೂ ದೊಡ್ಡದಾಗುತ್ತದೆ.

ಇದಕ್ಕೆ ನಮ್ಮ ನಾಡಿನಲ್ಲಿ ದೇವರ ಉದಾಹರಣೆಯೇ ಬೇಕಾಗಿಲ್ಲ, ಮನುಷ್ಯರ ಉದಾಹರಣೆಯೇ ಉಂಟು. 12ನೆಯ ಶತಮಾನದ ಕಲ್ಯಾಣದ ಶರಣರನ್ನು ನಾವು ಇಂದಿಗೂ ಕಸುಬನ್ನು ಮುಂದಿಟ್ಟೇ ಕರೆಯುತ್ತೇವೆ. ದೋಣಿ ನಡೆಸಿದವನು ಅಂಬಿಗರ ಚೌಡಯ್ಯ. ಬಟ್ಟೆ ಒಗೆದವನು ಮಡಿವಾಳ ಮಾಚಯ್ಯ. ಬಿದಿರಿನ ಬುಟ್ಟಿ ಹೆಣೆದವನು ಮೇದರ ಕೇತಯ್ಯ. ಹಗ್ಗ ಹೊಸೆದವನು ನುಲಿಯ ಚಂದಯ್ಯ. ದನ ಕಾಯ್ದವನು ತುರುಗಾಹಿ ರಾಮಣ್ಣ. ತೊಗಲು ಹದಮಾಡಿದವನು ಡೋಹರ ಕಕ್ಕಯ್ಯ. ಕಸುಬನ್ನು ಮುಚ್ಚಿಟ್ಟುಕೊಂಡು ದೊಡ್ಡವರಾಗಬೇಕೆಂಬ ಹಂಬಲ ಇವರಿಗಿರಲಿಲ್ಲ. ದುಡಿಮೆಯೇ ಕಾಯಕವೆಂದೂ ಕಾಯಕದಲ್ಲಿ ಮೇಲುಕೀಳಿಲ್ಲವೆಂದೂ ನಂಬಿದವರಾದ್ದರಿಂದ, ಕಸುಬಿನ ಹೆಸರು ಅವರಿಗೆ ಕಳಂಕವಾಗಲಿಲ್ಲ.

ಎರಡು ತಕ್ಕಡಿ

ಇಲ್ಲಿಯವರೆಗೆ ಸೊಗಸಿನ ಮಾತಾಯಿತು. ಇನ್ನು ತೊಡಕಿನ ಮಾತು. ಪಟ್ಟಣದ ಓದಿದ ದಂಪತಿಗಳು ಮಗನಿಗೆ ಮೇಸನ್ ಎಂದು ಹೆಸರಿಡಲು ಮನಸ್ಸು ಮಾಡಿದರೆಂದು ಇಟ್ಟುಕೊಳ್ಳೋಣ. ಮನೆಯವರು ಕೊಂಚ ಮುಖ ಸಿಂಡರಿಸಿಯಾರು. ಕಡೆಗೆ ಫ್ಯಾಷನ್ನೆಂದು ಸುಮ್ಮನಾದಾರು. ಅದೇ ದಂಪತಿಗಳು ಆ ಹೆಸರನ್ನೇ ಕನ್ನಡಿಸಿ ಗೌಂಡಿ ಎಂದು ಇಟ್ಟರೆ ಮನೆಯಲ್ಲಿ ಏನಾದೀತು? ಟ್ಯಾನರ್ ಎಂಬುದೂ ಅಮೆರಿಕಾದಲ್ಲಿ ಹುಡುಗರ ಹೆಸರು. ತೊಗಲು ಹದಮಾಡುವವನೆಂದು ಅದರ ಅರ್ಥ. ಆ ಅರ್ಥವನ್ನು ಕನ್ನಡದಲ್ಲಿ ಹೇಳಿದ ಕೂಡಲೇ ಎಷ್ಟು ಮನೆಗಳಲ್ಲಿ ತೊಟ್ಟಿಲು ನಿಂತುಹೋದೀತು! ಕಸುಬು ಒಂದೇ, ಇಂಗ್ಲಿಷಿನಲ್ಲಿ ತೂಗುವ ತಕ್ಕಡಿ ಬೇರೆ, ಕನ್ನಡದಲ್ಲಿ ತೂಗುವ ತಕ್ಕಡಿ ಬೇರೆ.

ಈ ಭೇದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಇಂಗ್ಲೆಂಡಿನಲ್ಲಿ ಕಸುಬು ಹುಟ್ಟಿನಿಂದ ಕಳಚಿಕೊಂಡಿತು. ನಮ್ಮಲ್ಲಿ ಜಾತಿಯೊಡನೆ ಹೆಣೆದುಕೊಂಡೇ ಉಳಿಯಿತು. ಮಗುವಿಗೆ ಹತ್ತನೆಯ ಅಥವಾ ಹನ್ನೆರಡನೆಯ ದಿನ ನಾಮಕರಣವಾಗಬೇಕೆಂದು ವಿಧಿಸುವ ಮನುಸ್ಮೃತಿಯ 2ನೆಯ ಅಧ್ಯಾಯವು, ಅದರ ಜೊತೆಯಲ್ಲಿಯೇ ಬ್ರಾಹ್ಮಣನ ಹೆಸರು ಮಂಗಳವನ್ನೂ, ಕ್ಷತ್ರಿಯನ ಹೆಸರು ಬಲವನ್ನೂ, ವೈಶ್ಯನ ಹೆಸರು ಧನವನ್ನೂ ಸೂಚಿಸಬೇಕೆಂದು ಹೇಳಿ, ಶೂದ್ರನ ಹೆಸರು ಹೀನತೆಯನ್ನು ಸೂಚಿಸಬೇಕೆಂದು ಹೇಳುತ್ತದೆ. ಹೆಸರನ್ನು ಕೇಳಿದೊಡನೆ ಕುಲವನ್ನು ತಿಳಿದುಕೊಂಡು ಕೂರಿಸಬೇಕಾದ ಜಾಗವನ್ನು ಗೊತ್ತುಮಾಡುವ ಚಾಳಿ ಇಂದಿಗೂ ನಮ್ಮನ್ನು ಪೂರ್ತಿಯಾಗಿ ಬಿಟ್ಟಿಲ್ಲ. ಆದಕಾರಣವೇ 1929ರಲ್ಲಿ ತಮಿಳು ನಾಡಿನ ಚೆಂಗಲ್ಪಟ್ಟಿನಲ್ಲಿ ಸೇರಿದ ಸ್ವಾಭಿಮಾನ ಸಮ್ಮೇಳನವು ಹೆಸರಿನ ಕೊನೆಯ ಜಾತಿಸೂಚಕ ಪದಗಳನ್ನು ಬಿಡಬೇಕೆಂದು ನಿರ್ಣಯ ಮಾಡಿತು.

ಹೀಗಿರಲು, ಅಲಂಕಾರಕ್ಕೆಂದು ಕಸುಬಿನ ಹೆಸರನ್ನು ಎರವಲು ತರುವವನ ಸ್ಥಿತಿಯೂ, ಅದೇ ಕಸುಬಿನ ಹೆಸರನ್ನು ಹೊರೆಯಾಗಿ ಹೊತ್ತು ಶಾಲೆಯಲ್ಲಿ ಅಣಕಿಸಿಕೊಂಡವನ ಸ್ಥಿತಿಯೂ ಒಂದೇ ಅಲ್ಲ. ಒಬ್ಬನಿಗೆ ಅದು ಬೇಡವೆನಿಸಿದ ದಿನ ತೆಗೆದಿಡಬಹುದಾದ ಒಡವೆ. ಇನ್ನೊಬ್ಬನಿಗೆ ತೊಳೆದರೂ ಹೋಗದ ಹಚ್ಚೆ. ಈ ಅಂತರವನ್ನು ಅರಿತು ಹೆಸರಿಡುವುದು ವಿವೇಕಿಗಳ ಲಕ್ಷಣ.

ಬೆಂಗಳೂರಿನ ಸಮೀಪದಲ್ಲಿ ನೆಲಸಿರುವ ಹಕ್ಕಿಪಿಕ್ಕಿ ಜನರ ವಿಷಯವನ್ನು ಇಲ್ಲಿ ಹೇಳಬಹುದು. ಹಕ್ಕಿ ಹಿಡಿಯುವವರೆಂದು ಕಸುಬಿನ ಮೇಲಿಂದ ಇತರರು ಅವರಿಗೆ ಕೊಟ್ಟ ಹೆಸರದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಅವರ ಬೇಟೆ ಕಾನೂನಿಗೆ ವಿರುದ್ಧವಾಯಿತು. ಕಸುಬು ಹೋದರೂ ಕುಲದ ಹೆಸರು ಹೋಗಲಿಲ್ಲ. ಆ ಜನರಲ್ಲಿ ಕೆಲವರು ಮಕ್ಕಳಿಗೆ ಹೈಕೋರ್ಟ್, ಕಾಫಿ, ಮೈಸೂರು ಪಾಕ್, ಗೂಗಲ್ ಎಂದು ಹೆಸರಿಟ್ಟಿರುವುದನ್ನು ವೃತ್ತಪತ್ರಿಕೆಗಳು ವಿನೋದವಾಗಿ ಪ್ರಕಟಿಸಿವೆ. ಓದಿದವರು ನಕ್ಕರು. ಆದರೆ ಯೋಚಿಸಿ ನೋಡಿದರೆ ಇದರಲ್ಲಿ ನಗೆಗಿಂತ ಹೆಚ್ಚಿನದೊಂದು ಉಂಟು. ತಮ್ಮ ಹೆಸರನ್ನು ತಾವು ಇಟ್ಟುಕೊಳ್ಳುವ ಅವಕಾಶವೇ ಇಲ್ಲದೆ ಇದ್ದ ಜನ, ತಮ್ಮ ಮಕ್ಕಳ ಹೆಸರನ್ನಾದರೂ ತಾವು ಕಂಡು ಬೆರಗಾದ ಲೋಕದೊಳಗಿಂದ ತಾವೇ ಆರಿಸಿಕೊಂಡರು. ಹೈಕೋರ್ಟೆಂಬ ಮಗು ಮುಂದೆ ಯಾರಿಗೂ ತಲೆಬಾಗಬಾರದೆಂಬ ಆಸೆ ಆ ತಾಯಿತಂದೆಗಳಿಗೆ ಇದ್ದಿರಲಾರದೆಂದು ಹೇಳುವವರಾರು?

ದೊಡ್ಡವರ ಅಡ್ಡಹೆಸರು

ಮಹಾಪುರುಷರ ಮನೆತನದ ಹೆಸರನ್ನು ಮಗುವಿಗಿಡುವ ಪದ್ಧತಿ ದಕ್ಷಿಣದೇಶದಲ್ಲಿ ಚೆನ್ನಾಗಿ ಬೇರೂರಿದೆ. ಗಾಂಧಿ, ನೆಹರು, ಬೋಸ್ ಎಂಬ ಹೆಸರಿನ ಹುಡುಗರು ಆಂಧ್ರ, ತಮಿಳು, ಕನ್ನಡ ನಾಡುಗಳಲ್ಲಿ ಬೆಳೆದು ಮುದುಕರಾಗಿದ್ದಾರೆ. ಗಾಂಧಿ ಎಂಬುದೂ ಕಸುಬಿನ ಹೆಸರೇ. ಗಂಧದ್ರವ್ಯಗಳನ್ನೂ ಕಿರಾಣಿ ಸಾಮಾನುಗಳನ್ನೂ ಮಾರುವವನೆಂದು ಗುಜರಾತಿಯಲ್ಲಿ ಅದರ ಅರ್ಥ. ತಮ್ಮ ಪೂರ್ವಿಕರು ಮೊದಲು ಕಿರಾಣಿ ವ್ಯಾಪಾರಿಗಳಾಗಿದ್ದಂತೆ ತೋರುತ್ತದೆಂದು ಮಹಾತ್ಮರೇ ಆತ್ಮಕಥೆಯ ಆರಂಭದಲ್ಲಿ ಹೇಳಿಕೊಂಡಿದ್ದಾರೆ. ಇಂದು ಆ ಹೆಸರನ್ನು ಕೇಳಿದವನಿಗೆ ಕಿರಾಣಿ ಅಂಗಡಿಯ ನೆನಪಾಗುವುದಿಲ್ಲ. ಅಂಬಿಗರ ಚೌಡಯ್ಯನ ವಿಷಯದಲ್ಲಿ ಆದದ್ದೇ ಇಲ್ಲಿಯೂ ಆಯಿತು.

ಆದರೆ ಬದುಕಿರುವವರ, ಅಥವಾ ಈಚೆಗೆ ತೀರಿಕೊಂಡವರ ಹೆಸರನ್ನು ಆರಿಸುವವರು ಒಂದು ಅಪಾಯವನ್ನು ನೆನಪಿನಲ್ಲಿಡಬೇಕು. 1953ರ ಮಾರ್ಚ್ 1ರಂದು ಮದರಾಸಿನಲ್ಲಿ ಹುಟ್ಟಿದ ಕರುಣಾನಿಧಿಯವರ ಮಗನಿಗೆ ಸ್ಟಾಲಿನ್ ಎಂದು ಹೆಸರಾಯಿತು. ರಷ್ಯದ ಸ್ಟಾಲಿನ್ ತೀರಿಕೊಂಡದ್ದು ಅದೇ ತಿಂಗಳು 5ರಂದು. ಉಕ್ಕಿನ ಮನುಷ್ಯನೆಂಬ ಭಾವದ ಆ ಹೆಸರು ರಷ್ಯದವನಿಗೂ ಹುಟ್ಟುಹೆಸರಲ್ಲ, ತಾನೇ ಇಟ್ಟುಕೊಂಡದ್ದು. ಮೂರು ವರ್ಷ ಕಳೆದು 1956ರಲ್ಲಿ ಕ್ರುಶ್ಚೇವನು ಸ್ಟಾಲಿನ್ನನ ಅಪರಾಧಗಳನ್ನು ಬಯಲಿಗೆಳೆದಾಗ ಆ ಹೆಸರಿನ ಬೆಲೆ ಲೋಕದಲ್ಲಿ ಬೇರೆಯೇ ಆಯಿತು. ಮದರಾಸಿನ ಮಗು ಬೆಳೆದು ಅದೇ ಹೆಸರಿನಿಂದಲೇ 2021ರಲ್ಲಿ ತಮಿಳುನಾಡಿನ ಮುಖ್ಯಮಂತ್ರಿಯ ಪದವಿಗೆ ಏರಿತೆಂಬುದು ನಿಜ. ಆದರೆ ಎಲ್ಲ ಮಕ್ಕಳಿಗೂ ಎರವಲು ಹೆಸರನ್ನು ತಮ್ಮದಾಗಿ ಮಾಡಿಕೊಳ್ಳುವಷ್ಟು ಅವಕಾಶ ದೊರೆಯುವುದಿಲ್ಲ.

ಪಾಪಕನ ಕಥೆ

ಹೆಸರಿನ ಚಿಂತೆ ಎಷ್ಟು ಹಳೆಯದೆಂಬುದಕ್ಕೆ ಬೌದ್ಧರ ಜಾತಕಗಳಲ್ಲಿ ಒಂದು ಕಥೆಯಿದೆ. ತಕ್ಷಶಿಲೆಯಲ್ಲಿ ಓದುತ್ತಿದ್ದ ಒಬ್ಬ ಶಿಷ್ಯನಿಗೆ ಪಾಪಕನೆಂದು ಹೆಸರಿತ್ತು. 'ಪಾಪಕ ಬಾ, ಪಾಪಕ ಹೋಗು' ಎಂದು ಎಲ್ಲರೂ ಕರೆಯುವುದನ್ನು ಕೇಳಿ ಬೇಸತ್ತು, ಬೇರೆ ಹೆಸರು ಬೇಕೆಂದು ಗುರುಗಳನ್ನು ಬೇಡಿದನು. ದೇಶವನ್ನು ಸುತ್ತಿ ಹಿಡಿಸಿದ ಹೆಸರನ್ನು ಹುಡುಕಿಕೊಂಡು ಬಾರೆಂದು ಗುರುಗಳು ಕಳುಹಿಸಿದರು. ಒಂದು ಊರಿನಲ್ಲಿ ಹೆಣವನ್ನು ಹೊತ್ತೊಯ್ಯುತ್ತಿದ್ದರು. ಸತ್ತವನ ಹೆಸರು ಜೀವಕ. ಇನ್ನೊಂದು ಕಡೆ ಕೂಲಿಯ ಹಣ ತರಲಿಲ್ಲವೆಂದು ಒಬ್ಬ ದಾಸಿಯನ್ನು ಹೊಡೆಯುತ್ತಿದ್ದರು. ಅವಳ ಹೆಸರು ಧನಪಾಲಿ. ಮುಂದೆ ದಾರಿ ತಪ್ಪಿ ಅಲೆಯುತ್ತಿದ್ದವನೊಬ್ಬನು ಸಿಕ್ಕಿದನು. ಅವನ ಹೆಸರು ಪಂಥಕ, ಎಂದರೆ ದಾರಿ ಬಲ್ಲವನು. ಪಾಪಕನು ಮರಳಿ ಬಂದು ತನ್ನ ಹೆಸರೇ ತನಗಿರಲೆಂದನು.

ಹೆಸರು ಗುರುತಿಗೆ ಮಾತ್ರವೆಂಬುದು ಆ ಕಥೆಯ ತಾತ್ಪರ್ಯ. ಇದು ದೊಡ್ಡ ಮಾತು. ಆದರೆ ಪಾಪಕನು ತಕ್ಷಶಿಲೆಯಲ್ಲಿ ಓದುವಷ್ಟು ಬೆಳೆದ ಮೇಲೆಯೂ ಆ ಹೆಸರಿನಿಂದ ನೊಂದಿದ್ದನೆಂಬುದನ್ನೂ ತಾಯಿತಂದೆಗಳು ಮರೆಯಬಾರದು. ಹಿಂದೆ ಹುಟ್ಟಿದ ಮಕ್ಕಳು ಸತ್ತು, ಮತ್ತೆ ಮಗುವಾದಾಗ ನಮ್ಮ ಹಿರಿಯರು ತಿಪ್ಪ, ಕಲ್ಲ, ಗುಂಡ ಎಂದು ಹೆಸರಿಡುತ್ತಿದ್ದರು. ಮೃತ್ಯುವಿನ ಕಣ್ಣು ಬೀಳದಿರಲೆಂದು ಅವರ ಆಶಯ. ಆ ಹೆಸರು ಒರಟಾದರೂ ಅದರ ಹಿಂದೆ ಮಗುವಿನ ಮೇಲಣ ಪ್ರೀತಿಯಿತ್ತು. ಮಗುವಿಗಾಗಿ ಇಟ್ಟ ಹೆಸರಿಗೂ, ನೆಂಟರೆದುರು ತಾವು ಮೆರೆಯುವುದಕ್ಕಾಗಿ ಇಟ್ಟ ಹೆಸರಿಗೂ ಇರುವ ಅಂತರ ಇದೇ.

ಕೆಲವು ಸೂಚನೆಗಳು

ಕಸುಬಿನ ಹೆಸರನ್ನಾಗಲಿ ಮನೆತನದ ಹೆಸರನ್ನಾಗಲಿ ಇಡಲು ನಿಶ್ಚಯಿಸಿದವರಿಗೆ ಈ ಕೆಲವು ಮಾತುಗಳು ಉಪಯೋಗವಾಗಬಹುದು.

ಮೊದಲನೆಯದಾಗಿ, ಅವಸರ ಬೇಡ. 1969ರ ಜನನ ಮರಣ ನೋಂದಣಿ ಕಾಯಿದೆಯ ಮೇರೆಗೆ ಹೆಸರಿಲ್ಲದೆಯೇ ಮಗುವಿನ ಜನನವನ್ನು ಬರೆಯಿಸಬಹುದು. ನಿಯಮಗಳಂತೆ 12 ತಿಂಗಳೊಳಗೆ ಶುಲ್ಕವಿಲ್ಲದೆಯೂ, ಆಮೇಲೆ 15 ವರ್ಷದವರೆಗೆ ಶುಲ್ಕ ತೆತ್ತೂ ಹೆಸರನ್ನು ಸೇರಿಸಬಹುದು. ಆದರೆ 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಯ ಪ್ರವೇಶವೇ ಮೊದಲಾದ ಕೆಲಸಗಳಲ್ಲಿ ಜನನಪತ್ರವೇ ಹುಟ್ಟಿದ ದಿನಕ್ಕೂ ಸ್ಥಳಕ್ಕೂ ಆಧಾರವಾದ್ದರಿಂದ, ಅದರಲ್ಲಿ ಒಮ್ಮೆ ಬರೆಯಿಸಿದ ಹೆಸರು ಹುಡುಗನ ಜೊತೆಯಲ್ಲಿ ಬಹುದೂರ ನಡೆಯುತ್ತದೆ.

ಎರಡನೆಯದಾಗಿ, ಹೆಸರನ್ನು ಪೂರ್ತಿಯಾಗಿ ಬರೆದು ನೋಡಬೇಕು. ಪಾಸ್‌ಪೋರ್ಟಿನಲ್ಲಿ ಸ್ವಂತ ಹೆಸರಿಗೂ ಮನೆತನದ ಹೆಸರಿಗೂ ಬೇರೆ ಬೇರೆ ಅಂಕಣಗಳಿವೆ. 2022ರ ನವೆಂಬರಿನಲ್ಲಿ ಸಂಯುಕ್ತ ಅರಬ್ ಸಂಸ್ಥಾನವು ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರುಳ್ಳ ಸಂದರ್ಶಕರಿಗೆ ಪ್ರವೇಶವಿಲ್ಲವೆಂದು ಗೊತ್ತುಮಾಡಿತು. ಮನೆತನದ ಹೆಸರಿಲ್ಲದ ನಮ್ಮವರಿಗೆ ಇದೊಂದು ತೊಂದರೆಯಾದರೆ, ಕಾರ್ಟರ್ ಕುಲಕರ್ಣಿಯಂಥ ಹೆಸರಿನವನಿಗೆ ಎರಡೂ ಅಡ್ಡಹೆಸರಿನಂತೆಯೇ ಕಾಣುವುದು ಇನ್ನೊಂದು ತೊಂದರೆ. ಯಾವುದು ಹೆಸರು, ಯಾವುದು ಮನೆತನವೆಂದು ಕಚೇರಿ ಕಚೇರಿಗೂ ವಿವರಿಸುವ ಕೆಲಸ ಅವನ ಪಾಲಿಗೆ ಬರುತ್ತದೆ.

ಮೂರನೆಯದಾಗಿ, ಪದವಿಗಳನ್ನು ಹೆಸರಾಗಿ ಮಾಡಬಾರದು. ನ್ಯೂಜಿಲೆಂಡಿನ ಕಾಯಿದೆ ಅಧಿಕಾರದ ಪದವಿಯಂತೆ ತೋರುವ ಹೆಸರುಗಳನ್ನು ತಕ್ಕ ಕಾರಣವಿಲ್ಲದೆ ಒಪ್ಪುವುದಿಲ್ಲ. ನಮ್ಮಲ್ಲಿ ಅಂಥ ನಿಷೇಧವಿಲ್ಲದಿದ್ದರೂ, ಜಡ್ಜ್ ಎಂಬ ಹೆಸರಿನವನು ನ್ಯಾಯಾಲಯದ ಬಾಗಿಲಲ್ಲಿ ಜವಾನನಾಗಿ ನಿಂತರೆ ಅವನ ದಿನದಿನದ ಪಾಡೇನೆಂಬುದನ್ನು ಊಹಿಸಿಕೊಳ್ಳಬಹುದು.

ನಾಲ್ಕನೆಯದಾಗಿ, ಹಿತ್ತಲಿನಿಂದ ಅಜ್ಜಿ ಆ ಹೆಸರನ್ನು ಕೂಗಲಿ. ಆಗ ಅದರ ಬಂಡವಾಳ ತಿಳಿಯುತ್ತದೆ. ಗೋಪಾಲನು ಗೋಪಿಯಾಗುತ್ತಾನೆ, ಗೋಪುವಾಗುತ್ತಾನೆ, ಎರಡೂ ಸೊಗಸೇ. ಕೂಪರನು ಕೂಪನಾದರೆ ಬಾವಿಯಾಗುತ್ತಾನೆ. ಓಣಿಯ ಹುಡುಗರು ಅದಕ್ಕೆ ಮಂಡೂಕವನ್ನು ಸೇರಿಸದೆ ಬಿಡುವುದಿಲ್ಲ. ತೊಟ್ಟಿಲಿಗೊಂದು, ನಕ್ಷತ್ರಕ್ಕೊಂದು, ವ್ಯವಹಾರಕ್ಕೊಂದು ಹೆಸರಿಡುವ ಹಳೆಯ ಪದ್ಧತಿ ಇಲ್ಲಿ ಉಪಕಾರಕ್ಕೆ ಬರುತ್ತದೆ. ಅಪರೂಪದ ಹೆಸರಿನ ಜೊತೆಗೆ ಸಾಧಾರಣವಾದ ಇನ್ನೊಂದನ್ನೂ ಇಟ್ಟಿದ್ದರೆ, ದೊಡ್ಡವನಾದ ಮೇಲೆ ಯಾವುದು ಬೇಕೆಂಬುದನ್ನು ಮಗನೇ ನಿರ್ಧರಿಸಿಯಾನು.

ಕಡೆಯದಾದರೂ ಮುಖ್ಯವಾದದ್ದು ಇದು. ಯಾವ ಕಸುಬಿನ ಹೆಸರನ್ನು ಆರಿಸಿದಿರೋ ಆ ಕಸುಬಿನವನು ಮನೆಗೆ ಬಂದರೆ ಅವನನ್ನು ಯಾವ ಜಗಲಿಯಲ್ಲಿ ಕೂರಿಸುವಿರಿ, ಯಾವ ಲೋಟದಲ್ಲಿ ನೀರು ಕೊಡುವಿರಿ ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿರಿ. ಒಳಗೆ ಕರೆದು ಸರಿಸಮನಾಗಿ ಕೂರಿಸುವಿರಾದರೆ ಆ ಹೆಸರು ನಿಮ್ಮ ಮಗುವಿಗೆ ಒಪ್ಪುತ್ತದೆ, ಅದು ಕನ್ನಡದ್ದಾಗಲಿ ಇಂಗ್ಲಿಷಿನದಾಗಲಿ. ಇಲ್ಲವಾದರೆ ಆ ಹೆಸರಿನ ಸದ್ದನ್ನು ಎರವಲು ತರುವ ಹಕ್ಕು ನಿಮಗಿಲ್ಲ. ಗೋಪಾಲನೋ ಸಾರಥಿಯೋ ಆಗಿ ಮಗು ಸುಖವಾಗಿರಲಿ.

ಹುಡುಗನು ಬೆಳೆದಂತೆ ಹೆಸರಿನ ಅರ್ಥವೇನೆಂದು ಹತ್ತು ಜನ ಕೇಳುತ್ತಾರೆ. ಆಗ ಅವನು ನಾಚದೆ ಉತ್ತರ ಹೇಳುವಂತಿರಬೇಕು. ಅದಕ್ಕಾಗಿ ಒಂದು ದಿನ ಅವನ ಕೈ ಹಿಡಿದು ಊರಿನ ಕುಲುಮೆಯ ಬಳಿಗೋ, ಕುಂಬಾರನ ತಿಗರಿಯ ಬಳಿಗೋ, ಮನೆ ಕಟ್ಟುತ್ತಿರುವ ಗೌಂಡಿಯ ಬಳಿಗೋ ಕರೆದುಕೊಂಡು ಹೋಗಿ, ನಿನ್ನ ಹೆಸರು ಇವರದು, ಇವರ ಕೆಲಸವನ್ನು ಚೆನ್ನಾಗಿ ನೋಡು ಎಂದು ಹೇಳಿರಿ.